ಏಳು ಸುತ್ತಿನ ಗುಳಿಗೆ

ಗುಳಿಗೆಗಳ ಲೆಕ್ಕ ಸರಿಯಾಗಿಯೇ ಇತ್ತು. ನಾನು ಮೂರು ತಿಂಗಳು ಮೋಸಹೋದದ್ದು ಆ ಸರಿಯಾದ ಲೆಕ್ಕದಿಂದಲೇ.

ಬೀದರಿನ ಒಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಔಷಧಿ ಕೌಂಟರ್ ನನ್ನದು. ಅಕ್ಟೋಬರಿನ ಒಂದು ಬೆಳಿಗ್ಗೆ ಹದಿನೆಂಟು ದಿನದ ಹೆಣ್ಣುಕೂಸಿನ ಚೀಟಿ ನನ್ನ ಕೈಗೆ ಬಂತು. ಹುಟ್ಟಿದಾಗಿನ ಕಾಮಾಲೆ ಇನ್ನೂ ಇಳಿದಿರಲಿಲ್ಲ. ಕೂಸು ಹಾಲಿಗೆ ತಾನಾಗಿ ಎಚ್ಚರವಾಗುತ್ತಿರಲಿಲ್ಲ. ಮಲ ಮೂರು ದಿನಕ್ಕೊಮ್ಮೆ. ನಮ್ಮ ಮಕ್ಕಳ ವೈದ್ಯೆ ಅನುಮಾನಪಟ್ಟು ರಕ್ತ ಪರೀಕ್ಷೆ ಮಾಡಿಸಿದ್ದರು. ಕೂಸಿನ ಥೈರಾಯ್ಡ್ ಗ್ರಂಥಿ ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲ.

ಈ ಕಾಯಿಲೆಗೆ ಔಷಧಿ ಇದೆ, ಅದು ಅಗ್ಗ, ದಿನಕ್ಕೊಮ್ಮೆ ಕೊಟ್ಟರೆ ಸಾಕು. ಆದರೆ ಅದಕ್ಕೊಂದು ಗಡುವಿದೆ. ಮೆದುಳು ಬೆಳೆಯುವ ಮೊದಲ ತಿಂಗಳುಗಳಲ್ಲಿ ಈ ಹಾರ್ಮೋನ್ ಬೇಕೇ ಬೇಕು. ಆಗ ಸಿಗದೇ ಹೋದದ್ದನ್ನು ಆಮೇಲೆ ಎಷ್ಟು ಕೊಟ್ಟರೂ ತುಂಬಲಾಗುವುದಿಲ್ಲ. ಕೂಸು ಬದುಕುತ್ತದೆ, ಆದರೆ ಅದರ ಮಾತು, ತಿಳಿವಳಿಕೆ, ಓದು ಹಿಂದೆ ಉಳಿಯುತ್ತವೆ. ವೈದ್ಯೆ ಇದನ್ನು ಕೂಸಿನ ತಂದೆಗೆ ಮೆಲ್ಲಗೆ ಹೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ಬೀದರಿನ ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ ಕೆಲಸ ಮಾಡುವವನು. ಸಮವಸ್ತ್ರದಲ್ಲೇ ಬಂದಿದ್ದ.

“ಇದು ಸಾಲಿ ಕಲೀತದಲ್ರೀ ಮೇಡಂ?” ಎಂದು ಕೇಳಿದ. ಬೇರೇನೂ ಕೇಳಲಿಲ್ಲ.

“ಗುಳಗಿ ಒಂದು ದಿನ ತಪ್ಪಸಬ್ಯಾಡ್ರಿ. ಕಲೀತದ,” ಎಂದರು ವೈದ್ಯೆ.

ನಮ್ಮಲ್ಲಿದ್ದದ್ದು ಇಪ್ಪತ್ತೈದು ಮೈಕ್ರೋಗ್ರಾಂ ಗುಳಿಗೆ. ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು. ಗುಳಿಗೆಯಲ್ಲಿ ಕಣ್ಣಿಗೆ ಕಾಣುವುದೆಲ್ಲ ಬರೀ ಪುಡಿ, ಔಷಧಿ ಅದರಲ್ಲಿ ಕಾಣದಷ್ಟು. ದಿನಕ್ಕೆ ಒಂದೂವರೆ ಗುಳಿಗೆ. ನಾನು ತಂದೆಗೆ ಹೇಳಿದೆ: ಹಾಲು ಕುಡಿಸುವ ಮೊದಲು, ಖಾಲಿ ಹೊಟ್ಟೆಯಲ್ಲಿ, ನುಣ್ಣಗೆ ಮಾಡಿ ಕೊಡಬೇಕು. ಅವನು ತಲೆಯಾಡಿಸಿದ. ಹೆಂಡತಿ ಕೂಸಿನೊಂದಿಗೆ ತವರಿನಲ್ಲಿದ್ದಳು, ಠಾಣಾ ಕುಶನೂರಿನಿಂದ ಮೂರು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ಅವನು ಅಲ್ಲೇ ನಿಂತು ಫೋನಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದ. ನಾನು ಮುಂದಿನ ಚೀಟಿ ತೆಗೆದುಕೊಂಡೆ.

ನಾಲ್ಕು ವಾರದ ಮೇಲೆ ಮತ್ತೆ ರಕ್ತ ತೆಗೆದರು. ಗ್ರಂಥಿ ಮಲಗಿದಾಗ ಅದನ್ನು ಎಬ್ಬಿಸಲು ಮೆದುಳಿನ ಬುಡದಿಂದ ಟಿಎಸ್‌ಎಚ್ ಎಂಬ ಹಾರ್ಮೋನ್ ಏರುತ್ತದೆ. ಔಷಧಿ ಸರಿಯಾಗಿ ಸೇರಿದರೆ ಅದು ಇಳಿಯಬೇಕು. ಇಳಿದಿತ್ತು, ಆದರೆ ತೀರ ಸ್ವಲ್ಪ. ವೈದ್ಯೆ ಗುಳಿಗೆಯನ್ನು ಎರಡಕ್ಕೆ ಏರಿಸಿದರು.

ಆಗ ತಾಯಿಯನ್ನು ಕೂರಿಸಿಕೊಂಡು ವಿಚಾರಿಸಿದೆ. ಅವಳು ಓದಿದವಳು, ಮದುವೆಗೆ ಮೊದಲು ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದವಳು. ಎದೆಹಾಲು ಸಾಲದ್ದರಿಂದ ಯಾರೋ ಹೇಳಿದರೆಂದು ಸೋಯಾ ಹಾಲಿನ ಪುಡಿ ಕಲಸಿ ಕುಡಿಸುತ್ತಿದ್ದಳು. ನನಗೆ ಬೆಳಕು ಹೊಳೆದಂತಾಯಿತು. ಈ ಔಷಧಿ ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರಬೇಕು. ಸೋಯಾ ಅದನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಬಿಡುವುದಿಲ್ಲ. ವೈದ್ಯೆಗೆ ಓಡಿಹೋಗಿ ಹೇಳಿದೆ. ಅವರು ಬೆನ್ನು ತಟ್ಟಿದರು. ಸೋಯಾ ನಿಂತಿತು, ಬೇರೆ ಹಾಲಿನ ಪುಡಿ ಬಂತು. ಮನೆಗೆ ಹೋಗುವಾಗ ಭಾಲ್ಕಿ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಿದ್ದೆ.

ಮೂರು ವಾರದ ಮೇಲೆ ಟಿಎಸ್‌ಎಚ್ ಮತ್ತೆ ಸ್ವಲ್ಪವೇ ಇಳಿದಿತ್ತು. ನಾನು ಕಂಡ ಕಾರಣ ಸುಳ್ಳಲ್ಲ. ಅದೊಂದೇ ಎಂದು ನಂಬಿ ಹುಡುಕುವುದನ್ನು ನಿಲ್ಲಿಸಿದ್ದು ತಪ್ಪು.

ಗುಳಿಗೆ ಮೂರಾಯಿತು. ಈಗ ಒಂದೊಂದನ್ನೇ ನೋಡುತ್ತ ಬಂದೆ. ಗುಳಿಗೆಯ ಬ್ಯಾಚ್ ಬದಲಿಸಿದೆ. ಒಲೆಯ ಹತ್ತಿರ ಇಟ್ಟಿದ್ದಾರೆಯೇ ಎಂದು ಕೇಳಿದೆ. ಇಲ್ಲ, ಅಲಮಾರಿಯಲ್ಲಿ. ಕಬ್ಬಿಣಾಂಶದ ಹನಿ ಕೊಡುತ್ತಿದ್ದಾರೆಯೇ? ಇಲ್ಲ. ಖಾಲಿಯಾದ ಗುಳಿಗೆ ಪಟ್ಟಿಗಳನ್ನೆಲ್ಲ ತರಿಸಿ ಎಣಿಸಿದೆ. ಆ ಊರಿನ ಆಶಾ ಕಾರ್ಯಕರ್ತೆಯೂ ಮನೆಗೆ ಹೋಗಿ ಎಣಿಸಿದಳು. ಒಂದು ಗುಳಿಗೆಯೂ ಹೆಚ್ಚು ಕಡಿಮೆ ಇರಲಿಲ್ಲ.

“ದಿನಾ ಮುಂಜಾನಿ ನಾನೇ ಎಣಸಿ ಅವ್ವನ ಕೈಯಾಗ ಕೊಡ್ತೇನ್ರಿ,” ಎಂದಳು ತಾಯಿ. “ಒಂದು ದಿನಾನೂ ತಪ್ಪಿಲ್ಲ. ಬೇಕಾದ್ರ ಆಣಿ ಮಾಡ್ತೇನಿ.”

ಮೂರನೆಯ ವರದಿ ಬಂದದ್ದು ಜನವರಿಯ ಮೊದಲ ವಾರ. ಟಿಎಸ್‌ಎಚ್ ಅರವತ್ತರ ಮೇಲಿತ್ತು, ಇರಬೇಕಾದದ್ದು ಐದರೊಳಗೆ. ಕೂಸಿಗೆ ಮೂರು ತಿಂಗಳು ತುಂಬಿತ್ತು. ಅದು ನಗುತ್ತಿರಲಿಲ್ಲ. ಕಣ್ಣ ಮುಂದೆ ಕೈಯಾಡಿಸಿದರೆ ಬಹಳ ತಡವಾಗಿ ನೋಡುತ್ತಿತ್ತು.

“ಗುಳಗಿ ನಾಕ ಮಾಡ್ತೇನಿ,” ಎಂದರು ವೈದ್ಯೆ. “ಅದಕ್ಕೂ ಇಳೀಲಿಲ್ಲಂದ್ರ ಹೈದರಾಬಾದಿಗಿ ಕಳಸೋಣು. ಕರುಳಿಂದೇ ಏನರ ತೊಂದ್ರಿ ಇರಬೇಕು, ಹೀರಿಕೊಳ್ಳಲಿಕ್ಕೇ ಬರ್ಲತಿಲ್ಲ.”

ಅವರು ಪೆನ್ನು ತೆಗೆದಾಗಿತ್ತು. ನಾನು ಬಾಯಿ ಹಾಕಿದೆ. “ಮೇಡಂ, ಎರಡು ದಿನ ತಡೀರಿ. ಗುಳಗಿ ಕೊಡೋದನ್ನ ನಾ ಒಮ್ಮಿ ಕಣ್ಣಾರೆ ನೋಡ್ಬೇಕು.”

“ನೋಡೋದೇನದ್ರೀ? ಲೆಕ್ಕ ಬರೋಬರಿ ಅದ ಅಂತ ನೀವೇ ಹೇಳ್ತೀರಿ.”

“ಪಟ್ಟಿ ಬಿಟ್ಟು ಹೊರಗ ಬಂದದ್ದರ ಲೆಕ್ಕ ಅದ್ರಿ. ಕೂಸಿನ ಹೊಟ್ಟಿಗಿ ಹೋದದ್ದು ನಾವ್ಯಾರೂ ನೋಡಿಲ್ಲ.”

ಅವರು ಪೆನ್ನಿನ ಟೋಪಿ ಮುಚ್ಚಿದರು.

ಮರುದಿನ ರಜೆ ಹಾಕಿ ಭಾಲ್ಕಿಯಿಂದ ಮೊದಲ ಬಸ್ಸು ಹಿಡಿದೆ. ಠಾಣಾ ಕುಶನೂರಿನಲ್ಲಿ ಇಳಿದು ಆಟೋದಲ್ಲಿ ಊರು ತಲುಪಿದಾಗ ಎಂಟೂವರೆ. ಅಂಗಳದಲ್ಲಿ ಕೊಯ್ದ ತೊಗರಿಯ ರಾಶಿ, ಪಡಸಾಲೆಯ ಗೋಡೆಗೆ ಬುದ್ಧನ ಪಟ. ಕೂಸಿನ ಅಜ್ಜಿ, ಅಂದರೆ ತಾಯಿಯ ತಾಯಿ, ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದರು. ಊರಿನ ಅರ್ಧ ಕೂಸುಗಳಿಗೆ ಎರೆದ ಕೈ ಅವರದು ಎಂದು ಆಟೋದವನೇ ಹೇಳಿದ್ದ. ಅವರನ್ನು ನಾನೂ ಎಲ್ಲರಂತೆ ಆಯಿ ಎಂದೇ ಕರೆದೆ.

ದಾರಿಯುದ್ದಕ್ಕೂ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದೆ. ಏನೇ ಕಂಡರೂ ಮುಗಿಯುವವರೆಗೆ ಬಾಯಿ ಬಿಡಬಾರದು. ನಾನು ಮಾತಾಡಿದರೆ ಅವರು ನನಗೆ ಬೇಕಾದಂತೆ ಮಾಡಿ ತೋರಿಸುತ್ತಾರೆ, ದಿನವೂ ಮಾಡುವಂತೆ ಅಲ್ಲ.

“ಕೂಡ್ರಿ ಮೇಡಂಬಾಯಿ,” ಎಂದರು ಆಯಿ. “ಬೀದರದಿಂದ ಇಷ್ಟು ದೂರ ಕೂಸಿನ ಜಳಕ ನೋಡ್ಲಿಕ್ಕಿ ಬಂದೀರಿ? ನಿಮ್ಮ ದವಾಖಾನ್ಯಾಗ ಕೆಲಸ ಇಲ್ಲೇನು?”

“ಇಲ್ರೀ ಆಯಿ, ಇವತ್ತು ಇದೇ ಕೆಲಸ.”

ತಾಯಿ ಬಾಣಂತಿ, ಆಸ್ಪತ್ರೆಗೆ ಬರುವುದು ಬಿಟ್ಟರೆ ಒಳಕೋಣೆಯಿಂದ ಈ ಚಳಿಯಲ್ಲಿ ಹೊರಬರುವಂತಿರಲಿಲ್ಲ. ಬಾಗಿಲಲ್ಲೇ ನಿಂತು ಮೂರು ಗುಳಿಗೆ ಎಣಿಸಿ ಆಯಿಯ ಅಂಗೈಗೆ ಹಾಕಿ ಒಳಗೆ ಹೋದಳು. ಆಯಿ ಕೂಸಿಗೆ ಎಣ್ಣೆ ಹಚ್ಚಿ ತಿಕ್ಕಿದರು, ಕಾಲ ಮೇಲೆ ಮಲಗಿಸಿಕೊಂಡು ಎರೆದರು, ಒರೆಸಿ ಬಟ್ಟೆಯಲ್ಲಿ ಸುತ್ತಿದರು. ಆಮೇಲೆ ಗೂಡಿನಿಂದ ಒಂದು ಕರಿಯ ಸಾಣೆಕಲ್ಲು ತೆಗೆದರು. ಕೇಳಬೇಕೆನಿಸಿತು. ಬಾಯಿ ಮುಚ್ಚಿಕೊಂಡೆ.

ನಮ್ಮ ಕಡೆ ಎಳೆಗೂಸುಗಳಿಗೆ ಘುಟ್ಟಿ ಕೊಡುತ್ತಾರೆ. ಬಜೆ, ಹಿರಡಾ ಎನ್ನುವ ಅಳಲೆಕಾಯಿ, ಜಾಯಿಕಾಯಿ, ಮಾಯಫಲ ಒಂದೊಂದನ್ನೂ ಒದ್ದೆ ಕಲ್ಲಿನ ಮೇಲೆ ತೇದು, ಬಂದ ಗಂಧವನ್ನು ಹಾಲಿನಲ್ಲಿ ಕದಡಿ ನೆಕ್ಕಿಸುವುದು. ಅದರಲ್ಲಿ ತೂಕವಿಲ್ಲ, ಕಲ್ಲಿನ ಮೇಲೆ ಎಷ್ಟು ಸುತ್ತು ತಿರುವಿದರೆಂಬುದೇ ಲೆಕ್ಕ. ಆಯಿ ಕಲ್ಲಿಗೆ ಎರಡು ಹನಿ ಹಾಲು ಹಾಕಿದರು, ಮೂರು ಗುಳಿಗೆಯನ್ನೂ ಉಗುರಿನಿಂದ ಒತ್ತಿ ಒಡೆದರು, ಬಜೆಯ ಬೇರನ್ನು ಮೇಲಿಟ್ಟು ತಿರುವತೊಡಗಿದರು. ಬಾಯಲ್ಲೇ ಎಣಿಸುತ್ತಿದ್ದರು. ಏಳಕ್ಕೆ ನಿಲ್ಲಿಸಿದರು. ಮೇಲೆ ತೇಲಿದ ಬಿಳಿ ಗಂಧವನ್ನು ಬೆರಳ ತುದಿಯಿಂದ ಬಳಿದು ಚಮಚೆಗೆ ಹಾಕಿದರು. ಬೆಳ್ಳನೆಯ ನುಚ್ಚು ಕಲ್ಲಿನ ಮೇಲೆಯೇ ಉಳಿದಿತ್ತು. ಕೂಸು ಚಮಚೆಯಲ್ಲಿದ್ದದ್ದನ್ನು ನಿಧಾನವಾಗಿ ಚೀಪಿತು. ಆಯಿ ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಹೊಯ್ದರು. ನುಚ್ಚೆಲ್ಲ ಬಚ್ಚಲ ಮೋರಿಗೆ ಹರಿಯಿತು.

ಮೂರು ತಿಂಗಳು.

“ಆಯಿ,” ಎಂದೆ, “ಏಳೇ ಸುತ್ತು ಯಾಕ್ರೀ?”

“ಅಯ್ಯ, ಏಳು ಕಡಿಮಿ ಅಂತೀರೇನು? ಹಿರಡಾಕ್ಕ ಮೂರು, ಜಾಯಿಕಾಯಿಗಿ ಒಂದು. ಮೂರರ ಮ್ಯಾಲ ಯಾವ ಕೂಸಿಗೂ ಕೊಟ್ಟಾಕಿ ಅಲ್ಲ ನಾ. ಇಂಗ್ಲಿಷ್ ದವಾ ಮೊದಲೇ ಗರಂ. ಡಾಕ್ಟರಬಾಯಿ ಬಾಳ ಜರೂರ ಅದ ಅಂದಾರಂತ ಅಳಿಯ ಫೋನಿನ್ಯಾಗ ಹೇಳ್ದ. ಅದಕ್ಕಂತ ಏಳು ಕೊಡ್ಲತೀನಿ.”

“ಗುಳಗಿ ಎರಡಾದಾಗ? ಮೂರಾದಾಗ?”

“ಗುಳಗಿ ಎಷ್ಟರ ಇರ್ಲಿ, ಕೂಸು ಅದೇ ಅಲ್ಲೇನ್ರೀ? ಸುತ್ತು ಏಳೇ.”

ನಾವು ಆಸ್ಪತ್ರೆಯಲ್ಲಿ ಕೂತು ಎರಡು ಬಾರಿ ಔಷಧಿ ಏರಿಸಿದ್ದೆವು. ಇಲ್ಲಿ ಈ ಕಲ್ಲಿನ ಮೇಲೆ ಅದು ಹೆಚ್ಚುಕಡಿಮೆ ಏರಿರಲೇ ಇಲ್ಲ. ಕೂಸಿನ ಕರುಳಿಗೆ ಏನೂ ಆಗಿರಲಿಲ್ಲ. ಹೈದರಾಬಾದು ಬೇಡ. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು, ಅಷ್ಟೇ ಅಳುವೂ ಬಂದಿತ್ತು.

ಬಾಯಲ್ಲಿ ಹೇಳಿದರೆ ಆಯಿ ನಂಬುತ್ತಿರಲಿಲ್ಲ. ನನ್ನ ಚೀಲದಲ್ಲಿ ಬಿ ಕಾಂಪ್ಲೆಕ್ಸ್ ಗುಳಿಗೆ ಇತ್ತು, ಒಳಗೆ ಕಡುಹಳದಿ. ಒಂದನ್ನು ಅವರ ಕೈಗೆ ಕೊಟ್ಟು, ದಿನದಂತೆಯೇ ಏಳು ಸುತ್ತು ತೇದು ಚಮಚೆಗೆ ತೆಗೆಯಲು ಹೇಳಿದೆ. ತೆಗೆದರು. ಕಲ್ಲನ್ನು ಮೋರಿಯ ಬದಲು ಒಂದು ಬಿಳಿ ಬಟ್ಟಲಿನ ಮೇಲೆ ಹಿಡಿದು ತೊಳೆಸಿದೆ. ಚಮಚೆಯಲ್ಲಿ ಮಸುಕು ಹಳದಿ. ಬಟ್ಟಲಿನಲ್ಲಿ ಅರಿಶಿನ ಕಲಸಿದಂಥ ನೀರು.

ಆಯಿ ಎರಡನ್ನೂ ನೋಡಿದರು. ಬಟ್ಟಲನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದರು.

“ಹಂಗಾದ್ರ ನಾ ಮೂರು ತಿಂಗಳು ಮೋರಿಗಿ ದವಾ ಕುಡಿಸೀನಿ,” ಎಂದರು.

ಒಳಗಿಂದ ಮಗಳು ಓಡಿಬಂದಳು. “ಯವ್ವಾ! ಪೂರಾ ಗುಳಗಿ ಕೊಡಂತ ಹೇಳಿದ್ನಿಲ್ಲ ನಾ? ನನ್ನ ಕೂಸಿನ ಮಿದುಳ ನೀರಿನ್ಯಾಗ ಬಿಟ್ಟಿ ಅಲ್ಲ!”

ಆಯಿಯ ಮುಖ ಕಲ್ಲಿನಂತಾಯಿತು. ನಾನು ಇಬ್ಬರ ನಡುವೆ ಕೂತೆ. “ತಪ್ಪು ಅವರದಲ್ಲ, ನಂದದ. ದವಾ ಕೊಡೋ ಕೈಗಿ ನಾ ಹೇಳ್ಲೇ ಇಲ್ಲ. ಬೀದರನ್ಯಾಗ ಕೂಸಿನ ಅಪ್ಪಗ ಹೇಳ್ದೆ, ಆತ ನಿಮಗ ಹೇಳ್ದ, ನೀವು ಅವರಿಗಿ ಹೇಳಿದ್ರಿ. ನುಣ್ಣಗ ಮಾಡ್ರಿ ಅಂದೆ, ಹ್ಯಾಂಗಂತ ತೋರಸಲಿಲ್ಲ.” ಇದನ್ನು ಸಮಾಧಾನಕ್ಕೆಂದು ಹೇಳಿದ್ದಲ್ಲ. ಅದು ಹಾಗೇ ಆಗಿತ್ತು.

ಎರಡು ಚಮಚೆ ತರಿಸಿದೆ. ಒಂದರಲ್ಲಿ ಗುಳಿಗೆ ಇಟ್ಟು ಇನ್ನೊಂದರ ಬೆನ್ನಿನಿಂದ ಒತ್ತಿ ಪುಡಿ ಮಾಡಿ, ಅದೇ ಚಮಚೆಯಲ್ಲಿ ಕಾಯಿಸಿ ಆರಿಸಿದ ನೀರು ಹಾಕಿ ಕುಡಿಸುವುದು. ಮತ್ತೆ ಸ್ವಲ್ಪ ನೀರು ಹಾಕಿ ಚಮಚೆ ತೊಳೆದು ಅದನ್ನೂ ಕುಡಿಸುವುದು. ಅರ್ಧ ತಾಸಾದರೂ ಬಿಟ್ಟು ಹಾಲು. ಬೇರೆ ಗುಳಿಗೆಯಿಂದ ಆಯಿಯ ಕೈಯಲ್ಲೇ ಮೂರು ಸಲ ಮಾಡಿಸಿದೆ. ಮೂರನೆಯ ಸಲ ಅವರ ಚಮಚೆ ಕನ್ನಡಿಯಂತಿತ್ತು, ನನ್ನದಕ್ಕಿಂತ ಸ್ವಚ್ಛ. ಘುಟ್ಟಿಯನ್ನು ಸದ್ಯಕ್ಕೆ ಬಿಡಬೇಕೆಂದೆ. ಅದಕ್ಕೆ ಗೊಣಗಿದರು, ಒಪ್ಪಿದರು.

ಹೊರಡುವಾಗ ಆಯಿ ಕೇಳಿದರು: “ಮೇಡಂಬಾಯಿ, ಇಷ್ಟು ದಿನ ಚೂರು ಹೋಗ್ಲತಿತ್ತು. ನಾಳಿಂದ ಮೂರಕ್ಕ ಮೂರೂ ಹೋಗ್ತಾವ. ಕೂಸಿಗಿ ಗರಂ ಆಗಲ್ಲೇನ್ರೀ?”

“ಏನೂ ಆಗಲ್ರಿ ಆಯಿ, ಫಿಕರ್ ಮಾಡಬ್ಯಾಡ್ರಿ,” ಎಂದೆ. ಗೆದ್ದ ಹುಮ್ಮಸ್ಸಿನಲ್ಲಿದ್ದೆ. ಒಂದು ನುಚ್ಚೂ ಉಳಿಯಬಾರದು ಎಂದು ಮತ್ತೊಮ್ಮೆ ಹೇಳಿ, ನಾಲ್ಕು ವಾರದ ಮೇಲೆ ರಕ್ತ ಪರೀಕ್ಷೆಗೆ ಬನ್ನಿ ಎಂದು ಆಟೋ ಹತ್ತಿದೆ.

ಠಾಣಾ ಕುಶನೂರಿನಿಂದ ಬಸ್ಸು ಹೊರಟು ಹತ್ತು ನಿಮಿಷವಾಗಿರಬಹುದು. ವೈದ್ಯೆಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಆಯಿಯ ಪ್ರಶ್ನೆ ಅದರ ನಡುವೆ ಬಂದು ನಿಂತಿತು. ಮೂರಕ್ಕೆ ಮೂರೂ. ಟಿಕೆಟಿನ ಹಿಂದೆ ಬರೆದೆ: ಎಪ್ಪತ್ತೈದು ಮೈಕ್ರೋಗ್ರಾಂ, ಕೂಸಿನ ತೂಕ ಐದು ಕಿಲೋ. ಕಿಲೋಕ್ಕೆ ಹದಿನೈದು. ಈ ವಯಸ್ಸಿಗೆ ಹತ್ತರ ಸುತ್ತಮುತ್ತ ಸಾಕು. ನಾವು ಮೂರು ಗುಳಿಗೆಗೆ ಏರಿಸಿದ್ದೇ ಕೂಸಿಗೆ ಔಷಧಿ ಸೇರುತ್ತಿಲ್ಲ ಎಂದು. ಈಗ ಸೇರುವ ದಾರಿ ತೆರೆದು, ಏರಿಸಿದ ಗುಳಿಗೆಯನ್ನು ಹಾಗೇ ಬಿಟ್ಟು ಬಂದಿದ್ದೆ.

ಒಂದು ದಿನಕ್ಕೆ ಏನೂ ಆಗುವುದಿಲ್ಲ, ನಿಜ. ಆದರೆ ಈ ಔಷಧಿ ರಕ್ತದಿಂದ ನಿಧಾನವಾಗಿ ಹೊರಗೆ ಹೋಗುತ್ತದೆ. ದೊಡ್ಡವರಲ್ಲಿ ಅರ್ಧ ಕರಗಲು ಸುಮಾರು ಒಂದು ವಾರ ಬೇಕು, ಕೂಸುಗಳಲ್ಲಿ ಅದಕ್ಕಿಂತ ಕೊಂಚ ಬೇಗ. ಇವತ್ತಿನದರ ಮೇಲೆ ನಾಳಿನದು ಕೂಡುತ್ತ ಹೋಗುತ್ತದೆ. ನಾಲ್ಕು ವಾರಕ್ಕೆ ಎದೆ ಓಡತೊಡಗುತ್ತದೆ, ನಿದ್ದೆ ಹೋಗುತ್ತದೆ, ತೂಕ ಇಳಿಯುತ್ತದೆ. ಅತಿಯಾದರೆ ಮೆದುಳಿಗೂ ಒಳ್ಳೆಯದಲ್ಲ. ಇದನ್ನು ಬರೆಯುವಾಗಲೂ ಆ ಬಸ್ಸಿನ ಕಿಟಕಿಯ ಸರಳು ಅಂಗೈಗೆ ತಗುಲಿದಂತಾಗುತ್ತದೆ.

ಎದ್ದು ನಿಂತು ಬಸ್ಸು ನಿಲ್ಲಿಸಲು ಹೇಳಿದೆ.

“ಇಲ್ಯಾಕ್ರೀ ಮೇಡಂ?” ಎಂದ ಕಂಡಕ್ಟರ್. “ಇಲ್ಲಿ ತೊಗರಿ ಕಟಗಿ ಬಿಟ್ರ ಮಾತಾಡ್ಸೋರೂ ಇಲ್ಲ. ಭಾಲ್ಕಿ ಟಿಕೆಟ್ ತಗೊಂಡೀರಿ.”

“ಇಳಸ್ರಿ ಅಣ್ಣಾ, ಹಿಂದ ಹೋಗ್ಬೇಕು.”

“ಪರ್ಸ್ ಬಿಟ್ಟು ಬಂದೀರೇನು?”

“ಅದಕ್ಕಿಂತ ದೊಡ್ಡದು.”

ಅವನು ಸೀಟಿ ಊದಿದ. ಕೊಯ್ದ ಹೊಲದ ಬದಿಯಲ್ಲಿ ನಿಂತು ವೈದ್ಯೆಗೆ ಫೋನು ಮಾಡಿದೆ. ಕಲ್ಲಿನ ಕತೆ ಕೇಳಿ ಅವರು “ಅಯ್ಯೋ ದೇವ್ರೇ” ಎಂದರು. ಆಮೇಲೆ ಟಿಕೆಟಿನ ಹಿಂದಿನ ಲೆಕ್ಕ ಹೇಳಿದೆ.

“ನೀವು ಅಂದದ್ದು ಖರೇ. ಪೂರಾ ಹೋಗೋದಾದ್ರ ಮೂರು ಹೆಚ್ಚಾಗ್ತದ. ಎರಡು ಮಾಡ್ರಿ. ರಕ್ತ ಎರಡೇ ವಾರಕ್ಕ ನೋಡೋಣು. ಫೋನ್ ಹಚ್ಚಿ ಹೇಳಿಬಿಡ್ರಿ ಅವರಿಗಿ.”

“ಇಲ್ಲ ಮೇಡಂ,” ಎಂದೆ. “ಫೋನಿನ್ಯಾಗ ಒಮ್ಮಿ ಹೇಳಿ ಮೂರು ತಿಂಗಳು ಹೋದವು. ನಾನೇ ಹೋಗ್ತೇನಿ.”

ಒಂದು ಟೆಂಪೋ ಸಿಕ್ಕಿತು. ಊರ ಹಾದಿಗೆ ಆಟೋ ಸಿಗಲಿಲ್ಲ, ಮೂರು ಕಿಲೋಮೀಟರ್ ನಡೆದೆ. ಆಯಿ ಅಂಗಳದಲ್ಲಿ ತೊಗರಿ ಬಡಿಯುತ್ತಿದ್ದರು. ನನ್ನನ್ನು ಕಂಡು ಕೋಲು ಕೆಳಗಿಟ್ಟರು.

“ಆಯಿ, ನೀವು ಕೇಳಿದ್ದು ಬರೋಬರಿ ಇತ್ತು. ನಾ ವಿಚಾರ ಮಾಡ್ದೇ ಹೇಳಿದ್ದೆ. ಮೂರು ಬ್ಯಾಡ. ಎರಡೇ.”

ಆಯಿ ನನ್ನ ಧೂಳು ಮೆತ್ತಿದ ಕಾಲು ನೋಡಿದರು. “ಇದನ್ನ ಹೇಳ್ಲಿಕ್ಕಿ ನಡ್ಕೋತ ಬಂದ್ರಿ?”

“ಹೌದ್ರಿ.”

“ಓದಿದೋರು ಹಿಂದ ತಿರುಗಿ ಬಂದು ತಪ್ಪಾತು ಅನ್ನೋದು ಇವತ್ತೇ ನೋಡಿದ್ನವ್ವ,” ಎಂದು ಮಗಳತ್ತ ತಿರುಗಿ ಹೇಳಿದರು. ಮಗಳು ನಕ್ಕಳು. ಬೆಳಗಿನಿಂದ ಆ ಮನೆಯಲ್ಲಿ ಮೊದಲ ನಗು. ನನಗೆ ಜೋಳದ ರೊಟ್ಟಿ, ಹಸಿ ತೊಗರಿಕಾಳಿನ ಪಲ್ಯ ಹಾಕಿದರು. ಎರಡು ಗುಳಿಗೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಲಮಾರಿಯ ಬಾಗಿಲಿಗೆ ಅಂಟಿಸಿದೆ. ಹೆಚ್ಚಿನ ಪಟ್ಟಿಗಳನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಮುಂದಿನ ಎರಡು ವಾರ ನನಗೆ ನೆಮ್ಮದಿಯಿರಲಿಲ್ಲ. ಎಂಟನೆಯ ದಿನ ತಾಯಿಯ ಫೋನು ಬಂತು. ಕೂಸು ದಿನಾ ಮಲ ಮಾಡುತ್ತಿದೆ, ಹಾಲಿಗೆ ತಾನೇ ಎದ್ದು ರಂಪ ಮಾಡುತ್ತಿದೆ. “ಅವ್ವಗ ನಿದ್ದಿನೇ ಇಲ್ರಿ ಈಗ,” ಎಂದಳು. ಆ ದೂರು ಕೇಳಿ ನಾನು ಕೌಂಟರಿನಲ್ಲಿ ನಿಂತಲ್ಲೇ ನಕ್ಕೆ. ಚೀಟಿ ಹಿಡಿದು ನಿಂತಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಎರಡು ವಾರಕ್ಕೆ ವರದಿ ಬಂತು. ಅರವತ್ತರ ಮೇಲಿದ್ದದ್ದು ಹನ್ನೊಂದಕ್ಕೆ ಇಳಿದಿತ್ತು. ವೈದ್ಯೆ ಅದನ್ನು ಮೇಜಿನ ಮೇಲೆ ಬಡಿದು “ಇಳೀತು!” ಎಂದದ್ದು ಹೊರಗಿನ ಸಾಲಿನವರೆಗೂ ಕೇಳಿಸಿತು. ಆ ದಿನದಿಂದ ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಬಂತು. ಎಳೆಗೂಸಿಗೆ ಗುಳಿಗೆ ಕೊಟ್ಟರೆ, ಮನೆಯಲ್ಲಿ ಅದನ್ನು ಕುಡಿಸುವವರು ಯಾರೋ ಅವರೇ ನನ್ನ ಮುಂದೆ ಒಮ್ಮೆ ಮಾಡಿ ತೋರಿಸಬೇಕು. ಕೌಂಟರಿನ ಮೇಲೆ ಈಗ ಎರಡು ಚಮಚೆ ಇರುತ್ತವೆ.

ಅದಾಗಿ ನಾಲ್ಕು ವಾರಕ್ಕೆ ಎಲ್ಲರೂ ಬಂದರು. ಆಯಿಯೂ ಬಂದಿದ್ದರು, ಇಸ್ತ್ರಿ ಮಾಡಿದ ಸೀರೆಯುಟ್ಟು. ತಂದೆ ಕೊಳಾರದಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದ. ಇನ್ನೇನು ಐದು ತಿಂಗಳು ತುಂಬಲಿದ್ದ ಕೂಸು ಆಯಿಯ ತೊಡೆಯ ಮೇಲೆ ಕೂತು ಫ್ಯಾನು, ಕಿಟಕಿ, ವೈದ್ಯೆಯ ಕೊರಳಲ್ಲಿನ ಸ್ಟೆತಸ್ಕೋಪು, ಎಲ್ಲವನ್ನೂ ಒಂದೊಂದಾಗಿ ನೋಡುತ್ತಿತ್ತು. ವರದಿಯನ್ನು ನಾನೇ ತಂದುಕೊಟ್ಟೆ. ಮೂರು. ಇರಬೇಕಾದಷ್ಟೇ.

ವೈದ್ಯೆ ಎರಡು ಸಲ ಓದಿದರು. ಆಮೇಲೆ ಕೂಸಿನ ಮುಂದೆ ಚಪ್ಪಾಳೆ ತಟ್ಟಿದರು, ಬೆರಳು ಆಡಿಸಿದರು, ಪಕ್ಕದಿಂದ ಕರೆದರು. ಅದು ಪ್ರತಿ ಸಲವೂ ತಿರುಗಿತು.

“ಮೇಡಂ,” ಎಂದ ತಂದೆ. ಎರಡೂ ಕೈ ಜೋಡಿಸಿದ.

“ಎರಡೇ ಮುಂದುವರಸ್ರಿ. ತೂಕ ಏರಿದಂಗ ನೋಡ್ಕೋತ ಹೋಗೋಣು,” ಎಂದರು ವೈದ್ಯೆ. “ಸಾಲಿಗಿ ಹಚ್ಚೋ ದಿನ ನನಗ ಪೇಢೆ ತರಬೇಕು.”

ಅವರು ಬರೆಯಲು ಬಗ್ಗಿದರು. ಆ ಹೊತ್ತಿಗೆ ಮೇಜಿನ ಅಂಚಿನಲ್ಲಿದ್ದ ವರದಿಯ ಮೇಲೆ ಕೂಸಿನ ಕಣ್ಣು ಬಿತ್ತು. ಎರಡೂ ಕೈ ಚಾಚಿ ಹಿಡಿಯಿತು, ಮುದುಡಿತು, ಬಾಯಿಗೆ ಒಯ್ದಿತು. ತಾಯಿ ಗಾಬರಿಯಾಗಿ ಕಸಿದುಕೊಳ್ಳಲು ಹೋದಳು, ಕಾಗದ ಪರ್ರೆಂದು ಹರಿಯಿತು. ಕೂಸು ಆ ಸದ್ದು ಕೇಳಿ ಕೇಕೆ ಹಾಕಿ ನಕ್ಕಿತು.

“ಹಿಡೀಬ್ಯಾಡ, ಹರೀಲಿ ಬಿಡು,” ಎಂದರು ಆಯಿ. “ಅದರದೇ ಕಾಗದ ಅದು.”

ವೈದ್ಯೆ ಪೆನ್ನು ಕೆಳಗಿಟ್ಟು ನೋಡುತ್ತಲೇ ಇದ್ದರು. ಕೂಸು ಉಳಿದ ತುಂಡನ್ನೂ ಹರಿಯಿತು. ಅವರು ನನ್ನತ್ತ ಕೈಯಾಡಿಸಿದರು. ಇನ್ನೊಂದು ಪ್ರತಿ ತೆಗೆಸಿಕೊಂಡು ಬರಲು ನಾನು ಪ್ರಯೋಗಾಲಯಕ್ಕೆ ಓಡಿದೆ.